ಬೆನ್ನುಹುರಿಯ ಬೇನೆಯೂ ಒಡಲೊಳಗಿನ ಪಂಪೂ

ಸಂಸ್ಕೃತದ ‘ವಿದ್’ ಎಂಬ ಧಾತುವಿಗೆ ಅರಿ, ತಿಳಿ ಎಂದು ಅರ್ಥ. ವೇದವೆಂಬ ಶಬ್ದ ಹುಟ್ಟಿದ್ದು ಅದರಿಂದ. ವೇದನೆಯೆಂಬ ಶಬ್ದವೂ ಅದರಿಂದಲೇ. ವೇದನೆಯೆಂದರೆ ಮೊದಲಿಗೆ ಬರಿಯ ಅರಿವು. ಮನುಷ್ಯನಿಗೆ ತನ್ನ ಮೈ ಇದೆಯೆಂಬ ಅರಿವು ನೋವಾದಾಗಲೇ ಹೆಚ್ಚಾಗಿ ಆಗುವುದರಿಂದಲೋ ಏನೋ, ಆ ಶಬ್ದ ಕ್ರಮೇಣ ನೋವಿಗೇ ಮೀಸಲಾಯಿತು. ಕನ್ನಡಿಗರು ಅದನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡು ಬೇನೆಯೆಂದರು. ಹೊಟ್ಟೆಬೇನೆ, ತಲೆಬೇನೆ, ಹೆರಿಗೆಬೇನೆ ಎಂದು ಮನೆಮನೆಯಲ್ಲೂ ಅದು ಉಳಿದಿದೆ.

ಈ ವ್ಯುತ್ಪತ್ತಿಯನ್ನು ಹಿಡಿದು ತರ್ಕ ಮಾಡುವವನು, ಅರಿವಿಲ್ಲದ ಕಡೆ ಬೇನೆಯೂ ಇರಲಾರದು ಎಂದಾನು. ಆದರೆ ಬೆನ್ನುಹುರಿಗೆ ಪೆಟ್ಟು ಬಿದ್ದವರ ಅನುಭವ ಈ ತರ್ಕಕ್ಕೆ ಬಗ್ಗುವುದಿಲ್ಲ. ಸೊಂಟದ ಕೆಳಗೆ ಸೂಜಿ ಚುಚ್ಚಿದರೂ ತಿಳಿಯದು, ಕೆಂಡ ತಾಗಿದರೂ ತಿಳಿಯದು. ಅದೇ ಕಾಲಿನಲ್ಲಿ ಹಗಲೂ ರಾತ್ರಿಯೂ ಉರಿ. ಬೆನ್ನುಹುರಿಗೆ ಗಾಯವಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವರ್ಷಗಟ್ಟಲೆ ಒಂದಲ್ಲ ಒಂದು ಬಗೆಯ ನೋವಿನಿಂದ ನರಳುತ್ತಾರೆಂದು ವೈದ್ಯರು ಹೇಳುತ್ತಾರೆ. ಅಂಥ ನೋವಿಗಾಗಿ ಹೊಟ್ಟೆಯ ಚರ್ಮದ ಅಡಿಯಲ್ಲಿ ಒಂದು ಚಿಕ್ಕ ಪಂಪನ್ನು ಹುದುಗಿಸಿ, ಅಲ್ಲಿಂದ ಬೆನ್ನಿನೊಳಕ್ಕೆ ಔಷಧವನ್ನು ಹನಿಹನಿಯಾಗಿ ಹರಿಸುವ ಉಪಾಯವೊಂದು ಈಗ ಬಳಕೆಯಲ್ಲಿದೆ. ಅದು ಹೇಗೆ ಬಂತು, ಅದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದು ಈ ಲೇಖನದ ವಿಷಯ.

ಮೊದಲು ಒಂದು ಮಾತು. ಈ ನೋವಿಗೆ ಇತಿಹಾಸ ಬರಬೇಕಾದರೆ ಇದನ್ನು ಉಣ್ಣುವವರು ಬದುಕಿ ಉಳಿಯಬೇಕಾಗಿತ್ತು. ಹಿಂದೆ ಅವರು ಉಳಿಯುತ್ತಿರಲಿಲ್ಲ. ಕ್ರಿಸ್ತಪೂರ್ವ ೧೬೦೦ರ ಸುಮಾರಿಗೆ ಪ್ರತಿಮಾಡಿದ ಈಜಿಪ್ಟಿನ ಶಸ್ತ್ರವೈದ್ಯದ ಓಲೆಯೊಂದಿದೆ. ಎಡ್ವಿನ್ ಸ್ಮಿತ್ ಓಲೆಯೆಂದು ಅದಕ್ಕೆ ಹೆಸರು. ಕತ್ತಿನ ಮೂಳೆ ಕದಲಿ ಕೈಕಾಲುಗಳ ಸ್ವಾಧೀನ ತಪ್ಪಿದವನ ಲಕ್ಷಣಗಳನ್ನು ಅದು ಚೆನ್ನಾಗಿ ವರ್ಣಿಸಿ, ಇದು ಚಿಕಿತ್ಸೆ ಮಾಡತಕ್ಕ ಬೇನೆಯಲ್ಲವೆಂದು ತೀರ್ಪು ಕೊಡುತ್ತದೆ. ಮೂರೂವರೆ ಸಾವಿರ ವರ್ಷ ಆ ತೀರ್ಪು ಹೆಚ್ಚುಕಡಿಮೆ ಹಾಗೆಯೇ ನಿಂತಿತ್ತು. ಮೊದಲನೆಯ ಮಹಾಯುದ್ಧದಲ್ಲಿಯೂ ಬೆನ್ನುಹುರಿಗೆ ಗುಂಡು ತಗಲಿದ ಸೈನಿಕರಲ್ಲಿ ಬಹುಮಂದಿ ಕೆಲವು ವಾರ, ಕೆಲವು ತಿಂಗಳುಗಳೊಳಗೆ ಹಾಸಿಗೆಹುಣ್ಣಿನಿಂದಲೂ ಮೂತ್ರದ ಸೋಂಕಿನಿಂದಲೂ ತೀರಿಕೊಂಡರು.

ಈ ಸ್ಥಿತಿ ಬದಲಾದದ್ದು ೧೯೪೪ರಲ್ಲಿ. ಜರ್ಮನಿಯಿಂದ ಪ್ರಾಣ ಉಳಿಸಿಕೊಂಡು ಇಂಗ್ಲೆಂಡಿಗೆ ಬಂದಿದ್ದ ಯೆಹೂದ್ಯ ವೈದ್ಯ ಲುಡ್ವಿಗ್ ಗುಟ್‌ಮನ್ ಅವರು ಆ ವರ್ಷ ಸ್ಟೋಕ್ ಮ್ಯಾಂಡೆವಿಲ್ ಎಂಬಲ್ಲಿ ಬೆನ್ನುಹುರಿಯ ರೋಗಿಗಳಿಗೆಂದೇ ಒಂದು ವಿಭಾಗ ತೆರೆದರು. ರೋಗಿಯನ್ನು ಗಂಟೆಗಳ ಲೆಕ್ಕದಲ್ಲಿ ಮಗ್ಗುಲು ಬದಲಿಸುವುದು, ಮೂತ್ರಕೋಶವನ್ನು ಶುದ್ಧವಾಗಿಡುವುದು, ಕೈಗೆ ಕೆಲಸ ಕೊಡುವುದು, ಆಟ ಆಡಿಸುವುದು ಅವರ ಕ್ರಮವಾಗಿತ್ತು. ಇದರಲ್ಲಿ ಪವಾಡವೇನೂ ಇಲ್ಲ. ಬಿಡದ ಶುಶ್ರೂಷೆ, ಅಷ್ಟೇ. ರೋಗಿಗಳು ಬದುಕಿದರು. ನಮ್ಮ ದಕ್ಷಿಣದಲ್ಲಿ ಈ ಮಾತು ಬಂದಾಗ ನೆನೆಯಬೇಕಾದ ಹೆಸರು ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸ್ ಅವರದು. ೧೯೫೪ರ ಮೋಟಾರು ಅಪಘಾತದಲ್ಲಿ ಅವರ ಬೆನ್ನುಹುರಿ ಹೋಯಿತು. ಆ ಮೇಲೆ ಅವರು ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಕ್ರಿಯೆ ಮಾಡಿದರು. ಹೊರದೇಶಗಳಲ್ಲಿ ಪುನರ್ವಸತಿ ವೈದ್ಯ ಕಲಿತು ಬಂದು, ೧೯೬೬ರಲ್ಲಿ ವೆಲ್ಲೂರಿನಲ್ಲಿ ಅಂಗವಿಕಲರ ಪುನರ್ವಸತಿ ಕೇಂದ್ರ ತೆರೆಯುವುದಕ್ಕೆ ಕಾರಣರಾದರು. ೧೯೭೨ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕನ್ನಡನಾಡಿನಿಂದಲೂ ಎಷ್ಟೋ ಮಂದಿ ರೋಗಿಗಳು ವೆಲ್ಲೂರಿನ ದಾರಿ ಹಿಡಿದದ್ದುಂಟು.

ಹೀಗೆ ಜೀವ ಉಳಿದ ಮೇಲೆ ನೋವಿನ ಮಾತು ಎದ್ದಿತು. ಅಮೆರಿಕದ ಅಂತರ್ಯುದ್ಧದ ಗಾಯಾಳುಗಳನ್ನು ನೋಡಿದ್ದ ವೀರ್ ಮಿಚೆಲ್ ಎಂಬ ವೈದ್ಯರು, ಕತ್ತರಿಸಿಹೋದ ಕಾಲಿನಲ್ಲಿಯೂ ನೋವಾಗುವುದನ್ನು ೧೮೭೦ರ ಹೊತ್ತಿಗೇ ಬರೆದಿಟ್ಟಿದ್ದರು. ಆದರೂ ಬಹುಕಾಲ ವೈದ್ಯರು ಇಂಥ ನೋವನ್ನು ಮನಸ್ಸಿನ ಭ್ರಮೆಯೆಂದು ತಳ್ಳಿಹಾಕುತ್ತಿದ್ದರು. ಈಗ ಹಾಗಿಲ್ಲ. ಗಾಯವಾದ ಸ್ಥಳದ ಮೇಲಿನ ನರಗಳು ಕೆಳಗಿನಿಂದ ಬರಬೇಕಾದ ಸುದ್ದಿ ಬಾರದೆ ತಾವಾಗಿಯೇ ಕೂಗುಹಾಕತೊಡಗುತ್ತವೆ. ನೋವನ್ನು ತಡೆಯುವ ನರಗಳ ಹಿಡಿತ ತಪ್ಪಿರುತ್ತದೆ. ವಿಜಯಪುರದವರಿಗೆ ಗೋಳಗುಮ್ಮಟದ ಉಪಮೆ ಸಾಕು. ಒಂದು ಸಲ ಚಪ್ಪಾಳೆ ತಟ್ಟಿ ಕೈಕಟ್ಟಿ ನಿಂತರೂ ದನಿ ಮತ್ತೆ ಮತ್ತೆ ಮರಳುತ್ತದೆ. ಉಪಮೆ ಒಂದು ಕಡೆ ಸೋಲುತ್ತದೆ: ಗುಮ್ಮಟದಲ್ಲಿ ದನಿ ಕೊನೆಗೆ ಆರುತ್ತದೆ, ಇಲ್ಲಿ ಆರುವುದಿಲ್ಲ.

ನಾನು ಈ ವಿಷಯಕ್ಕೆ ಬಂದದ್ದು ಪುಸ್ತಕದ ದಾರಿಯಿಂದಲ್ಲ. ವಿಜಯಪುರದ ನೆರೆಯಲ್ಲಿ ಇಟ್ಟಂಗಿಹಾಳ ಎಂಬ ಊರಿದೆ. ಇಟ್ಟಂಗಿಯೆಂದರೆ ಈ ಕಡೆಯ ಮಾತಿನಲ್ಲಿ ಇಟ್ಟಿಗೆ. ಹೊಸ ತಾಲೂಕುಗಳಾದ ತಿಕೋಟಾ, ಬಬಲೇಶ್ವರಗಳ ಸುತ್ತಿನಲ್ಲಿ ಇಂದು ದ್ರಾಕ್ಷಿಯ ಪಡಗಳೂ ಒಣದ್ರಾಕ್ಷಿಯ ಶೆಡ್ಡುಗಳೂ ಎಲ್ಲೆಲ್ಲಿಯೂ ಕಾಣುತ್ತವೆ. ಅಂಥ ಒಂದು ಶೆಡ್ಡಿನ ಮೇಲಿನಿಂದ ಬಿದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆನ್ನು ಮುರಿದುಕೊಂಡ. ಆರು ವರ್ಷಗಳಾದವು. ಹೆಸರು ಬೇಡ. ದೂರದ ಊರಿನ ವೈದ್ಯರು ಅವನಿಗೆ ಪಂಪಿನ ವಿಚಾರ ತಿಳಿಸಿ, ಒಂದಷ್ಟು ಇಂಗ್ಲಿಷ್ ಕಾಗದಗಳನ್ನು ಕೊಟ್ಟು, ಯೋಚಿಸಿಕೊಂಡು ಬಾ ಎಂದು ಕಳಿಸಿದ್ದರು. ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಬೇಕೆಂದು ಅವನ ಹೆಂಡತಿ ನನ್ನನ್ನು ಕರೆಸಿದಳು.

“ಸರ, ಕಾಲ ಮುಟ್ಟಿದರ ಗೊತ್ತಾಗೂದಿಲ್ರಿ. ಆದ್ರ ಅದ ಕಾಲ ಒಲಿಯಾಗ ಇಟ್ಟಂಗ ಉರಿತೈತ್ರಿ. ಮಂದಿಗೆ ಹೇಳಿದ್ರ ನಗತಾರ್ರಿ” ಎಂದನವನು.

ನನಗೆ ಮಾತು ತೋಚಲಿಲ್ಲ. “ನಗೂ ಮಂದಿಗೆ ಗೊತ್ತಿಲ್ಲ ತಮ್ಮಾ. ಡಾಕ್ಟರ್ ಪುಸ್ತಕದಾಗ ಇದು ಐತಿ” ಎಂದೆ. ಆ ಮಾತಿನಿಂದ ಅವನ ಮುಖ ಸ್ವಲ್ಪ ಅರಳಿತೆಂದು ನನ್ನ ಎಣಿಕೆ. ನೋವು ಹೋಗುವುದು ಬೇರೆ. ನೋವಿದೆಯೆಂದು ಇನ್ನೊಬ್ಬರು ಒಪ್ಪುವುದು ಬೇರೆ. ಕಾಗದಗಳನ್ನು ಓದಿ, ತಿಳಿದ ವೈದ್ಯರನ್ನು ಕೇಳಿ ನಾನು ಕೂಡಿಸಿಕೊಂಡ ಸಂಗತಿಗಳೇ ಮುಂದಿನವು.

ಪಂಪಿನ ಕಥೆ ನಿಜವಾಗಿ ವಿಷದ ಕಥೆ. ಹದಿನಾಲ್ಕನೆಯ ಶತಮಾನದಲ್ಲಿ, ವಿಜಯನಗರದ ಮೊದಲ ದಿನಗಳಲ್ಲಿ, ಜೈನ ಕವಿ ಮಂಗರಾಜನು ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯ ಗ್ರಂಥವನ್ನು ಕನ್ನಡದಲ್ಲಿಯೇ ಬರೆದನು. ನಮ್ಮ ಪೂರ್ವಿಕರು ವಿಷವನ್ನು ಎರಡಾಗಿ ವಿಂಗಡಿಸುತ್ತಿದ್ದರು: ಗಿಡ, ಖನಿಜಗಳಿಂದ ಬರುವುದು ಸ್ಥಾವರ ವಿಷ, ಹಾವು, ಚೇಳು ಮೊದಲಾದ ಪ್ರಾಣಿಗಳಿಂದ ಬರುವುದು ಜಂಗಮ ವಿಷ. ಈ ವಿಂಗಡಣೆಯನ್ನು ವಾಚಕರು ನೆನಪಿನಲ್ಲಿಡಬೇಕು. ಇಂದಿನ ಪಂಪಿನೊಳಗೆ ಎರಡೂ ಸೇರಿವೆ.

ಸ್ಥಾವರ ವಿಷವೆಂದರೆ ಇಲ್ಲಿ ಅಫೀಮು, ಗಸಗಸೆ ಗಿಡದ ಕಾಯಿಯ ಹಾಲು. ಗೋವೆಯಲ್ಲಿದ್ದ ಪೋರ್ತುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ ೧೫೬೩ರಲ್ಲಿ ಅಲ್ಲಿಯೇ ಅಚ್ಚು ಹಾಕಿಸಿದ ಔಷಧಿಗಳ ಗ್ರಂಥದಲ್ಲಿ ಅಫೀಮಿಗೆ ಒಂದು ಅಧ್ಯಾಯವೇ ಇದೆ. ಆಗ ಗೋವೆಯ ನೆರೆಯ ರಾಜ್ಯವೆಂದರೆ ನಮ್ಮ ವಿಜಾಪುರದ ಆದಿಲಶಾಹಿ. ೧೫೮೯ರಲ್ಲಿ ವಿಜಾಪುರಕ್ಕೆ ಬಂದು ಎರಡನೆಯ ಇಬ್ರಾಹಿಂ ಆದಿಲಶಾಹನ ಆಶ್ರಯ ಪಡೆದ ಫಿರಿಸ್ತಾನನ್ನು ನಾವು ಇತಿಹಾಸಕಾರನೆಂದು ಮಾತ್ರ ಓದುತ್ತೇವೆ. ಅವನು ಭಾರತೀಯ ವೈದ್ಯವನ್ನು ಆಧರಿಸಿ ಪಾರಸಿ ಭಾಷೆಯಲ್ಲಿ ವೈದ್ಯಗ್ರಂಥವನ್ನೂ ಬರೆದಿದ್ದಾನೆಂಬುದು ಈ ಊರಿನವರಿಗೂ ಅಷ್ಟಾಗಿ ತಿಳಿಯದು. ಈ ಸೀಮೆಗೆ ಔಷಧ ವಿಚಾರ ಹೊಸದಲ್ಲವೆಂದು ಹೇಳುವುದಕ್ಕಾಗಿ ಇಷ್ಟು ಪ್ರಸ್ತಾಪ ಮಾಡಿದೆ.

ಅಫೀಮಿನ ತೊಂದರೆಯೆಂದರೆ ಅದರ ಪ್ರಮಾಣ ಯಾರಿಗೂ ತಿಳಿಯದಿದ್ದದ್ದು. ಒಂದು ಗುಳಿಗೆ ನೋವು ಕಳೆದರೆ ಇನ್ನೊಂದು ಗುಳಿಗೆ ಪ್ರಾಣ ಕಳೆಯುತ್ತಿತ್ತು. ಜರ್ಮನಿಯ ಪಾಡರ್‌ಬಾರ್ನ್ ಎಂಬ ಊರಿನಲ್ಲಿ ಔಷಧಿ ಅಂಗಡಿಯ ಸಹಾಯಕನಾಗಿದ್ದ ಸರ್ಟ್ಯೂರ್ನರ್ ಎಂಬ ತರುಣ ೧೮೦೫ರ ಸುಮಾರಿಗೆ ಅಫೀಮಿನ ಸಾರವನ್ನು ಬೇರ್ಪಡಿಸಿ, ಗ್ರೀಕರ ಸ್ವಪ್ನದೇವತೆ ಮಾರ್ಫಿಯಸ್ಸನ ಹೆಸರಿಟ್ಟನು. ಅದೇ ಮಾರ್ಫಿನ್. ತೂಗಿ ಕೊಡಬಲ್ಲ ನೋವಿನ ಮದ್ದು ಜಗತ್ತಿಗೆ ದೊರೆತದ್ದು ಆಗ. ೧೮೫೩ರಲ್ಲಿ ಎಡಿನ್‌ಬರೋದ ಅಲೆಗ್ಸಾಂಡರ್ ವುಡ್, ಲಿಯಾನಿನ ಪ್ರವಾಜ್ ಇಬ್ಬರೂ ಬೇರೆಬೇರೆಯಾಗಿ ಟೊಳ್ಳುಸೂಜಿಯ ಪಿಚಕಾರಿಯನ್ನು ಬಳಕೆಗೆ ತಂದರು. ನೋವಿರುವ ಕಡೆಯಲ್ಲಿಯೇ ಮದ್ದು ಚುಚ್ಚಬೇಕೆಂಬುದು ವುಡ್ಡರ ಆಸೆ. ಚುಚ್ಚಿದ ಮದ್ದು ರಕ್ತದ ಜೊತೆ ಮೈಯೆಲ್ಲ ಸುತ್ತುತ್ತಿತ್ತು. ಆದರೂ ಮದ್ದನ್ನು ನೋವಿನ ಬಾಗಿಲಿಗೇ ಒಯ್ಯಬೇಕೆಂಬ ಆ ಆಸೆಯೇ ಮುಂದಿನ ಶೋಧಗಳನ್ನೆಲ್ಲ ಎಳೆದುಕೊಂಡು ಹೋಯಿತು.

ಆ ಬಾಗಿಲು ಬೆನ್ನಿನಲ್ಲಿದೆಯೆಂದು ತೋರಿಸಿದ ಪ್ರಸಂಗ ಬಹಳ ಸ್ವಾರಸ್ಯವಾದದ್ದು. ಬೆನ್ನುಹುರಿಯ ಸುತ್ತ ತಿಳಿನೀರಿನಂಥ ದ್ರವವೊಂದಿದೆ. ಮಿದುಳಿನ ಸುತ್ತಲಿನದನ್ನೂ ಕೂಡಿಸಿದರೆ ಸುಮಾರು ೧೫೦ ಮಿಲಿಲೀಟರ್, ಎಂದರೆ ಒಂದು ಲೋಟ. ೧೮೯೮ರ ಆಗಸ್ಟಿನಲ್ಲಿ ಜರ್ಮನಿಯ ಕೀಲ್ ನಗರದ ಶಸ್ತ್ರವೈದ್ಯ ಆಗಸ್ಟ್ ಬಿಯರ್ ಆ ದ್ರವದೊಳಗೆ ಕೊಕೇನ್ ಬಿಟ್ಟು, ರೋಗಿ ಎಚ್ಚರವಿರುವಾಗಲೇ ಅವನ ಕಾಲಿನ ಶಸ್ತ್ರಕ್ರಿಯೆ ಮಾಡಿದರು. ಬಳಿಕ ಅದರ ಗುಣವನ್ನು ತಮ್ಮ ಮೈಮೇಲೆಯೇ ನೋಡಬೇಕೆನ್ನಿಸಿತು. ಸಹಾಯಕ ಹಿಲ್ಡೆಬ್ರಾಂಡ್ ಚುಚ್ಚಲು ಹೋದಾಗ ಸೂಜಿಗೂ ಪಿಚಕಾರಿಗೂ ಜೋಡಿ ಕೂಡದೆ ದ್ರವ ಸೋರಿಹೋಯಿತು. ಸರಿ, ಈಗ ಹಿಲ್ಡೆಬ್ರಾಂಡನ ಸರದಿ. ಮದ್ದು ಇಳಿದ ಮೇಲೆ ಬಿಯರ್ ಅವನ ಕಾಲಿಗೆ ಸೂಜಿ ಚುಚ್ಚಿದರು, ಉರಿಯುವ ಚುಟ್ಟಾ ಒತ್ತಿದರು, ಮೊಣಕಾಲ ಕೆಳಗಿನ ಮೂಳೆಗೆ ಕಬ್ಬಿಣದ ಸುತ್ತಿಗೆಯಿಂದ ಹೊಡೆದರು. ಅವನಿಗೆ ಏನೂ ತಿಳಿಯಲಿಲ್ಲ. ಸಂಜೆ ಇಬ್ಬರೂ ಊಟಮಾಡಿ ಸಂತೋಷಪಟ್ಟರು. ಮರುದಿನ ಗುರುವಿಗೂ ಶಿಷ್ಯನಿಗೂ ತಲೆ ಎತ್ತಲಾಗದ ತಲೆನೋವು. ಇಂದು ಸಿಜೇರಿಯನ್ ಹೆರಿಗೆಗೆ ನಮ್ಮ ಹೆಣ್ಣುಮಕ್ಕಳಿಗೆ ಬೆನ್ನಿಗೆ ಕೊಡುವ ಚುಚ್ಚುಮದ್ದಿನ ಮೂಲ ಇದೇ.

ಮೂರು ವರ್ಷದ ತರುವಾಯ, ೧೯೦೧ರಲ್ಲಿ, ರೊಮೇನಿಯದ ರಾಕೊವಿಚಾನು ಪಿಟೆಷ್ಟ್ ಎಂಬ ವೈದ್ಯರು ಬೆನ್ನಿನೊಳಕ್ಕೆ ಕೊಕೇನಿನ ಸಂಗಡ ಮಾರ್ಫಿನನ್ನೂ ಬಿಟ್ಟ ವರದಿಯನ್ನು ಪ್ಯಾರಿಸ್ಸಿನಲ್ಲಿ ಓದಿದರು. ಮದ್ದೂ ಸಿಕ್ಕಿತ್ತು, ಬಾಗಿಲೂ ಸಿಕ್ಕಿತ್ತು. ಆದರೂ ಮುಂದಿನ ಎಪ್ಪತ್ತು ವರ್ಷ ಯಾರೂ ಆ ದಾರಿಯಲ್ಲಿ ಹೆಚ್ಚು ದೂರ ನಡೆಯಲಿಲ್ಲ. ಮಾರ್ಫಿನ್ ಮಿದುಳಿನಲ್ಲಿ ಮಾತ್ರ ಕೆಲಸ ಮಾಡುತ್ತದೆಂಬ ನಂಬಿಕೆ ಬಲವಾಗಿತ್ತು. ಆ ನಡುಗಾಲದಲ್ಲಿ ಸಹಿಸಲಾರದ ನೋವಿಗೆ ವೈದ್ಯರು ಹಿಡಿದದ್ದು ಕತ್ತಿಯ ದಾರಿ. ೧೯೧೨ರಲ್ಲಿ ಫಿಲಡೆಲ್ಫಿಯದ ಸ್ಪಿಲ್ಲರ್ ಮತ್ತು ಮಾರ್ಟಿನ್ ಎಂಬವರು ಬೆನ್ನುಹುರಿಯಲ್ಲಿ ನೋವಿನ ಸುದ್ದಿ ಒಯ್ಯುವ ಎಳೆಗಳನ್ನು ಮಾತ್ರ ಕೊಯ್ದ ವರದಿ ಪ್ರಕಟಿಸಿದರು. ಕೊಯ್ದ ನರವನ್ನು ಮತ್ತೆ ಕೂಡಿಸಲಾಗದು. ಎಷ್ಟೋ ಜನರಿಗೆ ಕೆಲವು ಕಾಲದ ಮೇಲೆ ನೋವು ಮರಳಿ ಬರುತ್ತಿತ್ತು.

ಗಂಟು ಬಿಚ್ಚಿದ್ದು ೧೯೭೩ರಲ್ಲಿ. ಬಾಲ್ಟಿಮೋರಿನಲ್ಲಿ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್, ನ್ಯೂಯಾರ್ಕಿನಲ್ಲಿ ಎರಿಕ್ ಸೈಮನ್, ಸ್ವೀಡನ್ನಿನಲ್ಲಿ ಲಾರ್ಸ್ ಟೆರೇನಿಯಸ್, ಒಬ್ಬರನ್ನೊಬ್ಬರು ಕಾಯದೆ, ಅಫೀಮು ಹೋಗಿ ಕೂಡಿಕೊಳ್ಳುವ ನಿರ್ದಿಷ್ಟ ತಾಣಗಳು ನರಮಂಡಲದಲ್ಲಿವೆಯೆಂದು ತೋರಿಸಿದರು. ಬೀಗಕ್ಕೆ ಬೀಗದ ಕೈ ಇದ್ದಂತೆ. ಅಂಥ ಬೀಗಗಳು ಬೆನ್ನುಹುರಿಯಲ್ಲಿಯೂ ಇದ್ದವು. ೧೯೭೬ರಲ್ಲಿ ಟೋನಿ ಯಾಕ್ಷ್ ಮತ್ತು ರೂಡಿ ಎಂಬವರು ಇಲಿಗಳ ಬೆನ್ನಿನೊಳಕ್ಕೆ ನೇರವಾಗಿ ಮಾರ್ಫಿನ್ ಬಿಟ್ಟು, ಬೆನ್ನುಹುರಿಯ ಮಟ್ಟದಲ್ಲಿಯೇ ನೋವು ನಿಲ್ಲುವುದೆಂದು ಸಾಧಿಸಿದರು. ೧೯೭೯ರಲ್ಲಿ ಮೇಯೊ ಚಿಕಿತ್ಸಾಲಯದ ವಾಂಗ್ ಮತ್ತು ಸಂಗಡಿಗರು ಅರ್ಬುದರೋಗದ ಎಂಟು ಮಂದಿಗೆ ಅದೇ ಚಿಕಿತ್ಸೆ ಕೊಟ್ಟ ವರದಿ ಮಾಡಿದರು. ವೈದ್ಯರ ರೂಢಿಯ ಲೆಕ್ಕದಂತೆ, ಬಾಯಿಯಿಂದ ೩೦೦ ಮಿಲಿಗ್ರಾಂ ನುಂಗಬೇಕಾದ ಕಡೆ ಬೆನ್ನಿನ ದ್ರವದಲ್ಲಿ ೧ ಮಿಲಿಗ್ರಾಂ ಸಾಕು. ಲೆಕ್ಕ ಸ್ಥೂಲವಾದದ್ದು, ಆದರೆ ಮಂಪರು, ಮಲಬದ್ಧತೆಗಳಿಂದ ಬೇಸತ್ತವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ.

ದಿನಕ್ಕೆರಡು ಸಲ ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡು ಬದುಕುವುದು ಸಾಧ್ಯವೇ? ಅಲ್ಲಿ ಪಂಪು ಬಂತು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಬ್ಲ್ಯಾಕ್‌ಷಿಯರ್ ಮತ್ತು ಸಂಗಡಿಗರು ೧೯೭೦ರ ಸುಮಾರಿಗೆ ಕಟ್ಟಿದ್ದ ಒಂದು ಯಂತ್ರ, ಮೊದಲು ರಕ್ತ ಹೆಪ್ಪುಗಟ್ಟದಂತೆ ಮಾಡುವ ಮದ್ದಿಗಾಗಿ ಹುಟ್ಟಿದ್ದು. ಅದರ ಯುಕ್ತಿ ನನಗೆ ಬಹಳ ಮೆಚ್ಚಿಗೆಯಾಯಿತು. ದುಂಡನೆಯ ಲೋಹದ ಡಬ್ಬಿಯೊಳಗೆ ಎರಡು ಕೋಣೆ. ಒಂದರಲ್ಲಿ ಔಷಧ, ಇನ್ನೊಂದರಲ್ಲಿ ಮೈಯ ಬಿಸಿಗೇ ಆವಿಯಾಗುವ ದ್ರವ. ಆವಿ ಹಿಗ್ಗಿ ನಡುವಣ ತಿದಿಯನ್ನು ಒತ್ತುತ್ತದೆ, ಔಷಧ ಹೊರಕ್ಕೆ ಹರಿಯುತ್ತದೆ. ಔಷಧ ತುಂಬುವಾಗ ತಿದಿ ಹಿಂದಕ್ಕೆ ಸರಿದು ಆವಿ ಮತ್ತೆ ದ್ರವವಾಗುತ್ತದೆ. ಬ್ಯಾಟರಿಯಿಲ್ಲ, ಗಡಿಯಾರವಿಲ್ಲ, ಮನುಷ್ಯನ ಮೈಬಿಸಿಯೇ ಅದರ ಉರುವಲು. ಇಂಥ ಹುದುಗುಪಂಪಿನಿಂದ ಬೆನ್ನಿನೊಳಕ್ಕೆ ಎಡೆಬಿಡದೆ ಮಾರ್ಫಿನ್ ಹರಿಸಿದ ವರದಿಯನ್ನು ಮೇಯೊ ಚಿಕಿತ್ಸಾಲಯದ ಒನೊಫ್ರಿಯೊ, ಯಾಕ್ಷ್ ಮೊದಲಾದವರು ೧೯೮೧ರಲ್ಲಿ ಪ್ರಕಟಿಸಿದರು. ರೋಗಿ ಅರ್ಬುದದವನು.

ಮುಂದೆ ಬ್ಯಾಟರಿಯ ಪಂಪು ಬಂದಿತು. ಮೆಡ್‌ಟ್ರಾನಿಕ್ ಕಂಪನಿಯ ‘ಸಿಂಕ್ರೊಮೆಡ್’ ಪಂಪಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ೧೯೮೮ರಲ್ಲಿ ಒಪ್ಪಿಗೆ ಕೊಟ್ಟಿತು. ಇದನ್ನು ಹೊರಗಿನಿಂದ ರೇಡಿಯೋ ಸಂಕೇತಗಳ ಮೂಲಕ ನಡೆಸುತ್ತಾರೆ. ನಾವು ಮನೆಯಲ್ಲಿ ಕುಳಿತು ಧಾರವಾಡವನ್ನೋ ಬೆಂಗಳೂರನ್ನೋ ತಿರುಗಿಸಿದಂತೆ, ವೈದ್ಯನು ಹೊಟ್ಟೆಯ ಮೇಲೆ ಒಂದು ಉಪಕರಣ ಹಿಡಿದು ಔಷಧದ ಪ್ರಮಾಣವನ್ನು ಹೆಚ್ಚಿಸಬಹುದು, ಇಳಿಸಬಹುದು, ರಾತ್ರಿಗೊಂದು ಹಗಲಿಗೊಂದು ಮಾಡಬಹುದು. ಈಗಿನ ಪಂಪು ಸುಮಾರು ೯ ಸೆಂಟಿಮೀಟರ್ ಅಗಲದ ಟೈಟಾನಿಯಮ್ ಬಿಲ್ಲೆ. ೨೦ ಅಥವಾ ೪೦ ಮಿಲಿಲೀಟರ್ ಔಷಧ ಹಿಡಿಯುತ್ತದೆ. ಹೊಟ್ಟೆಯ ಚರ್ಮದ ಅಡಿಯಲ್ಲಿ ಅದನ್ನಿಟ್ಟು, ಅಲ್ಲಿಂದ ಪಕ್ಕೆಯ ಸುತ್ತ ಚರ್ಮದ ಒಳಗೇ ಸಣ್ಣ ನಳಿಕೆ ಒಯ್ದು ಬೆನ್ನಿನ ದ್ರವದಲ್ಲಿ ಬಿಡುತ್ತಾರೆ.

ಬೆನ್ನುಹುರಿಯ ಗಾಯಾಳುಗಳಿಗೆ ಈ ಪಂಪು ಮೊದಲು ಹೆಚ್ಚು ಉಪಕಾರ ಮಾಡಿದ್ದು ನೋವಿಗಾಗಿ ಅಲ್ಲ, ಸೆಟೆತಕ್ಕಾಗಿ. ಸ್ವಾಧೀನವಿಲ್ಲದ ಕಾಲುಗಳು ತಾವಾಗಿ ಸೆಟೆದು, ಒದ್ದು, ಮಡಚಿಕೊಳ್ಳುತ್ತವೆ; ಕುರ್ಚಿಯಲ್ಲಿ ಕುಳಿತವನನ್ನು ಕೆಳಗೆ ಬೀಳಿಸುವುದೂ ಉಂಟು. ಚಿಕಾಗೋದ ಪೆನ್ ಮತ್ತು ಕ್ರೋಯಿನ್ ಎಂಬವರು ೧೯೮೪ರಲ್ಲಿ ಬ್ಯಾಕ್ಲೊಫೆನ್ ಎಂಬ ಮದ್ದನ್ನು ಬೆನ್ನಿನ ದ್ರವಕ್ಕೆ ಬಿಟ್ಟು ಸೆಟೆತ ಸಡಿಲವಾಗುವುದನ್ನು ತೋರಿಸಿದರು. ೧೯೯೨ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಬಂತು. ಸೆಟೆತದಿಂದ ಹುಟ್ಟುವ ನೋವಿಗೆ ಇದು ಒಳ್ಳೆಯ ಮದ್ದು. ಇಟ್ಟಂಗಿಹಾಳದ ಹುಡುಗನದು ಉರಿ. ಉರಿಯ ಮಾತು ಬೇರೆ.

ಇನ್ನು ಜಂಗಮ ವಿಷ. ಫಿಲಿಪೈನ್ಸಿನ ಕಡಲಿನಲ್ಲಿ ಶಂಖದ ಜಾತಿಯ ಒಂದು ಹುಳುವಿದೆ. ಈಟಿಯಂಥ ಹಲ್ಲನ್ನು ಮೀನಿಗೆ ಎಸೆದು, ವಿಷವೇರಿಸಿ, ನಿಶ್ಚೇಷ್ಟಗೊಳಿಸಿ ನುಂಗುತ್ತದೆ. ಅದೇ ದೇಶದಲ್ಲಿ ಹುಟ್ಟಿದ ವಿಜ್ಞಾನಿ ಬಾಲ್ಡೊಮೆರೊ ಒಲಿವೆರಾ ಅಮೆರಿಕದ ಯೂಟಾದಲ್ಲಿ ಈ ವಿಷದ ಶೋಧ ನಡೆಸುತ್ತಿದ್ದರು. ಆಗತಾನೆ ಹೈಸ್ಕೂಲು ಮುಗಿಸಿ ಬಂದಿದ್ದ ಮೈಕೆಲ್ ಮ್ಯಾಕಿಂಟಾಷ್ ಎಂಬ ಹುಡುಗ ಅವರ ಪ್ರಯೋಗಶಾಲೆಯಲ್ಲಿ ಅದರ ಒಂದು ಅಂಶವನ್ನು ಬೇರ್ಪಡಿಸಿದನು. ಹೈಸ್ಕೂಲು ಮಾಸ್ತರನಾದ ನಾನು ಇದನ್ನು ಹೇಳದೆ ಮುಂದೆ ಹೋಗಲಾರೆ. ಆ ಅಂಶದಿಂದ ಬಂದ ಜಿಕೊನೊಟೈಡ್ ಎಂಬ ಔಷಧಕ್ಕೆ ೨೦೦೪ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಮಾರ್ಫಿನಿನಂತೆ ಇದಕ್ಕೆ ಮೈ ಒಗ್ಗಿಹೋಗುವುದಿಲ್ಲ, ಇದು ಚಟವಲ್ಲ. ಆದರೆ ಬೆನ್ನಿನ ದ್ರವಕ್ಕೇ ಬಿಡಬೇಕು, ಬಹಳ ನಿಧಾನವಾಗಿ ಏರಿಸಬೇಕು. ಬುದ್ಧಿಭ್ರಮಣೆ, ಇಲ್ಲದ್ದನ್ನು ಕಾಣುವುದು ಮೊದಲಾದ ಅಪಾಯಗಳ ಎಚ್ಚರಿಕೆಯೂ ಅದರ ಮೇಲೆ ಅಚ್ಚಾಗಿದೆ. ವಿಷ ವಿಷವೇ ಎಂದು ಮಂಗರಾಜನು ಇದ್ದಿದ್ದರೆ ತಲೆದೂಗುತ್ತಿದ್ದನೇನೋ.

ಹಾಗಾದರೆ ಬೆನ್ನುಹುರಿಯ ಗಾಯದ ಉರಿನೋವಿಗೆ ಈ ಪಂಪು ಎಷ್ಟರ ಮಟ್ಟಿಗೆ ಉಪಯೋಗ? ಇಲ್ಲಿ ಮಾತು ಅಳೆದು ಆಡಬೇಕು. ಆಸ್ಟ್ರೇಲಿಯದ ಸಿಡ್ನಿಯ ಫಿಲಿಪ್ ಸಿಡಾಲ್ ಮತ್ತು ಸಂಗಡಿಗರು ಇಂಥ ಹದಿನೈದು ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯನ್ನು ೨೦೦೦ದಲ್ಲಿ ಪ್ರಕಟಿಸಿದರು. ಮಾರ್ಫಿನ್ ಮತ್ತು ಕ್ಲೊನಿಡಿನ್ ಎರಡನ್ನೂ ಕೂಡಿಸಿ ಬೆನ್ನಿಗೆ ಬಿಟ್ಟಾಗ, ಔಷಧವಿಲ್ಲದ ಬರಿಯ ಉಪ್ಪುನೀರಿಗಿಂತ ನೋವು ಹೆಚ್ಚು ತಗ್ಗಿತು. ಇದು ಭರವಸೆಯ ಸುದ್ದಿ. ಆದರೆ ಅವರು ನೋಡಿದ್ದು ಮದ್ದು ಬಿಟ್ಟ ನಾಲ್ಕು ಗಂಟೆಯ ಮೇಲಿನ ಫಲವನ್ನು. ಈ ಹುಡುಗ ಬದುಕಬೇಕಾದದ್ದು ನಾಲ್ವತ್ತು ವರ್ಷ. ಇನ್ನೊಂದು ಸೂಕ್ಷ್ಮ ಸಂಗತಿಯಿದೆ. ಗಾಯದ ಸ್ಥಳದಲ್ಲಿ ಹುರಿಯ ಸುತ್ತ ಗಾಯದ ಕಲೆ ಕಟ್ಟಿ ದ್ರವದ ಹರಿವು ಅಡ್ಡಗಟ್ಟಿರುತ್ತದೆ. ನಳಿಕೆಯ ತುದಿ ಆ ಅಡ್ಡಗಟ್ಟಿನ ಕೆಳಗುಳಿದರೆ, ಉರಿ ಹುಟ್ಟುವ ಮೇಲಿನ ನರಗಳಿಗೆ ಮದ್ದು ಮುಟ್ಟದೆಯೇ ಹೋಗಬಹುದು.

ಆದುದರಿಂದಲೇ ತಿಳಿದ ವೈದ್ಯರು ಪಂಪನ್ನು ಮೊದಲ ಮದ್ದಾಗಿ ಹೇಳುವುದಿಲ್ಲ. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್ ಮೊದಲಾದ ಗುಳಿಗೆಗಳನ್ನು ಸಾಕಷ್ಟು ಪ್ರಮಾಣದಲ್ಲಿ, ಸಾಕಷ್ಟು ಕಾಲ ಕೊಟ್ಟು ನೋಡುತ್ತಾರೆ. ಹಾಸಿಗೆಹುಣ್ಣು, ಮೂತ್ರಕೋಶದ ಕಲ್ಲು, ಭುಜದ ಸವೆತ ಇವು ನೋವನ್ನು ಏರಿಸುತ್ತಿವೆಯೋ ಎಂದು ಹುಡುಕುತ್ತಾರೆ. ಅದೆಲ್ಲ ಆದ ಮೇಲೆ ಪಂಪಿನ ಮಾತು ಬಂದರೆ, ಮೊದಲು ಪರೀಕ್ಷೆಯ ಸರದಿ: ಬೆನ್ನಿಗೆ ಒಂದು ಸಲ ಸೂಜಿಯಿಂದ, ಇಲ್ಲವೆ ಕೆಲವು ದಿನ ತಾತ್ಕಾಲಿಕ ನಳಿಕೆಯಿಂದ ಔಷಧ ಬಿಟ್ಟು ಗುಣ ನೋಡುವುದು. ಗುಣ ಕಾಣದವನಿಗೆ ಪಂಪಿಲ್ಲ. ಮಾರುವ ಮೊದಲು ರುಚಿ ನೋಡಗೊಡುವ ನಮ್ಮ ದ್ರಾಕ್ಷಿಯ ಪೇಟೆಯ ಪದ್ಧತಿಯಂತೆ ಇದೂ ಒಂದು ಎಂದು ಅವನಿಗೆ ಹೇಳಿದೆ.

ಅಪಾಯಗಳನ್ನೂ ಬಿಡಿಸಿ ಹೇಳಿದೆ. ಸೋಂಕು ತಗಲಬಹುದು, ನಳಿಕೆ ಮಡಚಬಹುದು, ಕಳಚಬಹುದು. ನಳಿಕೆಯ ತುದಿಯಲ್ಲಿ ವರ್ಷಗಳ ಮೇಲೆ ಮಾಂಸದ ಗಂಟು ಬೆಳೆದು ಹುರಿಯನ್ನು ಒತ್ತುವುದುಂಟು. ಅಂಥ ಪ್ರಸಂಗಗಳು ೧೯೯೧ರಿಂದಲೇ ವರದಿಯಾಗಿವೆ. ಮಾರ್ಫಿನಿನಿಂದ ತುರಿಕೆ, ಕಾಲು ಬಾವು, ಮೂತ್ರದ ತಡೆ, ಪ್ರಮಾಣ ತಪ್ಪಿದರೆ ಉಸಿರಿನ ತಡೆ. ಬ್ಯಾಕ್ಲೊಫೆನ್ ಥಟ್ಟನೆ ನಿಂತರೆ ತೀವ್ರ ಜ್ವರ, ಸೆಟೆತ, ಪ್ರಾಣಾಪಾಯ. ಯಂತ್ರದ ತಯಾರಿಕೆಯಲ್ಲಿಯೂ ದೋಷಗಳು ಕಂಡು, ೨೦೧೫ರ ಏಪ್ರಿಲಿನಲ್ಲಿ ಅಮೆರಿಕದ ಸರಕಾರ ನ್ಯಾಯಾಲಯದ ಮುಖಾಂತರ ಸಿಂಕ್ರೊಮೆಡ್ ಪಂಪಿನ ತಯಾರಿಕೆ, ಹಂಚಿಕೆಗಳ ಮೇಲೆ ಕಟ್ಟುಪಾಡು ಹಾಕಿತು. ೨೦೧೮ರ ನವೆಂಬರಿನಲ್ಲಿ, ಒಪ್ಪಿಗೆಯಿಲ್ಲದ ಔಷಧಗಳನ್ನು ಪಂಪಿನಲ್ಲಿ ತುಂಬಬಾರದೆಂದು ಅಲ್ಲಿನ ನಿಯಂತ್ರಣ ಸಂಸ್ಥೆ ಎಚ್ಚರಿಸಿತು. ಒಪ್ಪಿಗೆಯಿದ್ದದ್ದು ನೋವಿಗೆ ಮಾರ್ಫಿನ್, ಜಿಕೊನೊಟೈಡ್, ಸೆಟೆತಕ್ಕೆ ಬ್ಯಾಕ್ಲೊಫೆನ್. ಸಿಡ್ನಿಯವರು ಕೂಡಿಸಿದ ಕ್ಲೊನಿಡಿನ್ ಆ ಪಟ್ಟಿಯಲ್ಲಿರಲಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಅವನ ಹೆಂಡತಿ ಕೇಳಿದ ಪ್ರಶ್ನೆ ನಾನು ಓದಿದ ಕಾಗದಗಳಲ್ಲಿ ಇರಲಿಲ್ಲ. “ಮತ್ತ ಅದರಾಗಿನ ಔಷಧ ತೀರಿದರ ಎಲ್ಲಿ ತುಂಬಸೂದ್ರಿ ಸರ?”

ನನ್ನ ಅಭಿಪ್ರಾಯದಲ್ಲಿ ಪಂಪಿನ ವಿಚಾರದಲ್ಲಿ ಅತ್ಯಂತ ದೊಡ್ಡ ಪ್ರಶ್ನೆ ಇದೇ. ಒಂದೆರಡು ಅಥವಾ ಮೂರು ತಿಂಗಳಿಗೊಮ್ಮೆ ಚರ್ಮದ ಮೂಲಕ ಸೂಜಿಯಿಂದ ಪಂಪಿನ ಬಾಯಿ ಹುಡುಕಿ ಔಷಧ ತುಂಬಬೇಕು. ಸೂಜಿ ಬಾಯಿ ತಪ್ಪಿ ಮಾಂಸದೊ‍ಳಕ್ಕೆ ಹೋದರೆ ತಿಂಗಳ ಮದ್ದು ಒಂದೇ ಸಲ ಮೈಗಿಳಿದಂತೆ. ಆದುದರಿಂದ ಕೈ ಪಳಗಿದವರೇ ಬೇಕು. ಬ್ಯಾಟರಿ ತೀರಿದಾಗ, ಐದೇಳು ವರ್ಷಕ್ಕೊಮ್ಮೆ, ಪಂಪನ್ನೇ ಬದಲಿಸುವ ಶಸ್ತ್ರಕ್ರಿಯೆ ಬೇಕು. ಮೊದಲ ಸಲದ ಖರ್ಚೇ ಹಲವು ಲಕ್ಷ ರೂಪಾಯಿ. ಇಟ್ಟಂಗಿಹಾಳದಿಂದ ವಿಜಯಪುರ ಹತ್ತಿರವೇ. ಅಲ್ಲಿ ೧೯೮೪ರಿಂದ ಅಲ್ ಅಮೀನ್, ೧೯೮೬ರಿಂದ ಬಿ.ಎಲ್.ಡಿ.ಇ. ವೈದ್ಯಕೀಯ ಕಾಲೇಜುಗಳಿವೆ. ನಮ್ಮ ಹಿರಿಯರು ದೊಡ್ಡ ಬೇನೆ ಬಂದರೆ ಅಥಣಿಯ ದಾರಿ ಹಿಡಿದು ಮಿರಜಿನ ವಾನ್ಲೆಸ್ ದವಾಖಾನೆಗೆ ಹೋಗುತ್ತಿದ್ದರು, ಇಲ್ಲದಿದ್ದರೆ ಸೊಲ್ಲಾಪುರ. ಆದರೆ ಇಂಥ ಪಂಪಿನ ಕೆಲಸದಲ್ಲಿ ಪಳಗಿದ ವೈದ್ಯರು ನಮ್ಮ ದೇಶದಲ್ಲಿ ಹೆಚ್ಚಾಗಿ ಮಹಾನಗರಗಳಲ್ಲಿ ಸಿಗುತ್ತಾರೆ. ಬೆಂಗಳೂರು ಐನೂರು ಕಿಲೋಮೀಟರಿಗೂ ದೂರ. ಹಾಸಿಗೆಹುಣ್ಣಿನ ಭಯವಿರುವವನು ಅಷ್ಟು ದೂರ ಕುಳಿತು ಹೋಗಿ ಬರಬೇಕು, ಮೂರು ತಿಂಗಳಿಗೊಮ್ಮೆ, ಜೀವಮಾನವೆಲ್ಲ.

ಮದ್ದಿನ ವಿಚಾರದಲ್ಲಿಯೂ ಒಂದು ವಿಪರ್ಯಾಸವಿದೆ. ಸರಕಾರದ ಪರವಾನಗಿಯಿಂದ ಅಫೀಮು ಬೆಳೆಯುವ ದೇಶ ನಮ್ಮದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಹೊಲಗಳಲ್ಲಿ ಅದು ಬೆಳೆಯುತ್ತದೆ, ಗಾಜೀಪುರದ ಸರಕಾರಿ ಕಾರಖಾನೆ ಹತ್ತೊಂಬತ್ತನೆಯ ಶತಮಾನದಿಂದ ನಡೆದಿದೆ. ಆದರೂ ೧೯೮೫ರ ಮಾದಕವಸ್ತು ಕಾಯಿದೆ ಬಂದ ಮೇಲೆ, ಶಿಕ್ಷೆಗೆ ಹೆದರಿ ದವಾಖಾನೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಹನ್ನೆರಡು ವರ್ಷಗಳಲ್ಲಿ ದೇಶದ ವೈದ್ಯಕೀಯ ಬಳಕೆ ನೂರಕ್ಕೆ ತೊಂಬತ್ತೇಳರಷ್ಟು ಇಳಿಯಿತು. ಕಳ್ಳನನ್ನು ಹಿಡಿಯಲು ಹಾಕಿದ ಬಲೆಯಲ್ಲಿ ರೋಗಿ ಸಿಕ್ಕಿದ. ೧೯೯೩ರಲ್ಲಿ ಕಲ್ಲಿಕೋಟೆಯಲ್ಲಿ ಆರಂಭವಾದ ನೋವು ಶಮನದ ಚಿಕಿತ್ಸಾಲಯದವರೂ ದೇಶದ ಇತರ ವೈದ್ಯರೂ ವರ್ಷಗಟ್ಟಲೆ ಹೋರಾಡಿದ ಬಳಿಕ, ೨೦೧೪ರಲ್ಲಿ ಸಂಸತ್ತು ಕಾಯಿದೆಯನ್ನು ತಿದ್ದಿ, ಮಾನ್ಯತೆ ಪಡೆದ ಚಿಕಿತ್ಸಾಸಂಸ್ಥೆಗಳಿಗೆ ಒಂದೇ ಪರವಾನಗಿಯ ಪದ್ಧತಿ ತಂದಿತು. ಆ ಮಾನ್ಯತೆ ಪಡೆದ ದವಾಖಾನೆ ರೋಗಿಯ ಮನೆಗೆ ಹತ್ತಿರವಿದೆಯೇ ಎಂಬುದನ್ನು ಪಂಪಿಗೆ ಒಪ್ಪುವ ಮೊದಲೇ ವಿಚಾರಿಸತಕ್ಕದ್ದು.

ಹುಡುಗ ಪಂಪಿಗೆ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ನನ್ನ ಕೈಯಿಂದ ಒಂದು ಹಾಳೆಯಲ್ಲಿ ಪ್ರಶ್ನೆಗಳನ್ನು ಬರೆಯಿಸಿಕೊಂಡ: ಪರೀಕ್ಷೆಯ ಮದ್ದು ಕೊಡುವಾಗ ಎಷ್ಟು ದಿನ ದವಾಖಾನೆಯಲ್ಲಿರಬೇಕು, ನಳಿಕೆಯ ತುದಿ ಗಾಯದ ಮೇಲೆ ಬರುತ್ತದೆಯೋ ಕೆಳಗೋ, ವಿಜಯಪುರದಲ್ಲಿಯೋ ಸೊಲ್ಲಾಪುರದಲ್ಲಿಯೋ ಮದ್ದು ತುಂಬುವುದನ್ನು ಯಾರಿಗಾದರೂ ಕಲಿಸಿಕೊಡುತ್ತೀರಾ, ನಡುರಾತ್ರಿ ಪಂಪು ಕೂಗಿದರೆ ಯಾರಿಗೆ ಫೋನ್ ಮಾಡಬೇಕು. ಮದ್ದು ಮುಗಿಯುತ್ತ ಬಂದರೆ, ಬ್ಯಾಟರಿ ಸೋತರೆ, ಈ ಪಂಪು ಹೊಟ್ಟೆಯೊಳಗಿನಿಂದಲೇ ಸದ್ದು ಮಾಡುತ್ತದೆಂದು ಕಾಗದದಲ್ಲಿತ್ತು. ಮೂರನೆಯ ಪ್ರಶ್ನೆಯ ಕೆಳಗೆ ಅವನ ಹೆಂಡತಿ ಎರಡು ಗೆರೆ ಎಳೆಯಿಸಿದಳು. ದ್ರಾಕ್ಷಿಯ ಅಕ್ಟೋಬರ್ ಚಾಟ್ನಿ ಮುಗಿದ ಮೇಲೆ ಪರೀಕ್ಷೆಗೆ ಹೋಗುವುದೆಂದು ಗೊತ್ತಾಯಿತು.